ಹಠ ವ್ಯಾಪಾರಿಗಳದ್ದಲ್ಲ
ಸಣ್ಣ ವ್ಯಾಪಾರಿಗಳು ಹೊಸದಕ್ಕೆ ಒಗ್ಗುವುದಿಲ್ಲ, ಅದಕ್ಕೇ ಆಮದು-ರಫ್ತಿನಲ್ಲಿ ಕಾಗದ ಇನ್ನೂ ಉಳಿದಿದೆ ಎಂಬ ಲೇಖನದ ಮಾತನ್ನು ನಾನು ಒಪ್ಪುವುದಿಲ್ಲ. ಮಂಗಳೂರಿನ ಗೇರುಬೀಜ ಕಾರ್ಖಾನೆಗಳನ್ನೇ ನೋಡಿ. ರಫ್ತಿಗೆ ಕಸ್ಟಮ್ಸ್‌ಗೆ ಕೊಡುವ ಶಿಪ್ಪಿಂಗ್ ಬಿಲ್, ಆಮದಿಗೆ ಕೊಡುವ ಬಿಲ್ ಆಫ್ ಎಂಟ್ರಿ ಎಲ್ಲ ವರ್ಷಗಳಿಂದ ಕಸ್ಟಮ್ಸ್‌ನ ಆನ್‌ಲೈನ್ ಪೋರ್ಟಲ್ ಐಸ್‌ಗೇಟ್‌ನಲ್ಲೇ ಹೋಗುತ್ತಿದೆ. ಗಂಟು ಇರುವುದು ಸರಕು ಹತ್ತಿಸಿಕೊಂಡಾಗ ಹಡಗು ಕಂಪನಿ ಕೊಡುವ ಬಿಲ್ ಆಫ್ ಲೇಡಿಂಗ್‌ನಲ್ಲಿ. ಅದು ಬರೀ ರಸೀದಿ ಅಲ್ಲ, ಸರಕಿನ ಮೇಲಿನ ಹಕ್ಕೇ ಅದರಲ್ಲಿದೆ, ಹಾಗಾಗಿ ಆಫ್ರಿಕಾದ ಕಚ್ಚಾ ಗೇರುಬೀಜ ಪಣಂಬೂರು ಬಂದರಿಗೆ ಬಂದು ಕೂತರೂ ಮೂಲ ಪ್ರತಿ ಬ್ಯಾಂಕಿನಿಂದ ಬ್ಯಾಂಕಿಗೆ ಕೊರಿಯರ್‌ನಲ್ಲಿ ಸುತ್ತಿ ಬರುವ ತನಕ ಕಂಟೇನರ್ ಬಿಡಿಸಲು ಆಗುವುದಿಲ್ಲ. ಇಲ್ಲವಾದರೆ ಬ್ಯಾಂಕ್ ಗ್ಯಾರಂಟಿ ಕೊಡಬೇಕು, ಅದಕ್ಕೆ ಬೇರೆ ಕಮಿಷನ್. ನಮ್ಮ ಕಡೆಯ ಮಳೆಗಾಲದಲ್ಲಿ ಕಾದಷ್ಟೂ ಬೀಜಕ್ಕೆ ತೇವದ ಭಯ, ಕಂಟೇನರ್ ಬಾಡಿಗೆಯೂ ಜಾಸ್ತಿ. ಇದನ್ನು ಯಾರು ಇಷ್ಟಪಟ್ಟು ಮಾಡುತ್ತಾರೆ ಹೇಳಿ?

ಈ ಕಾಗದ ಬಿಡಬೇಕಾದರೆ ಕಳಿಸುವವರು, ಹಡಗು ಕಂಪನಿ, ಎರಡೂ ಕಡೆಯ ಬ್ಯಾಂಕು, ಕೊಳ್ಳುವವರು ಎಲ್ಲರೂ ಒಟ್ಟಿಗೆ ಬದಲಾಗಬೇಕು. ಅದಕ್ಕೆ ಕಾನೂನಿನ ಬಲ ಬೇಕು, ಅಲ್ವಾ? ಬ್ರಿಟನ್ 2023ರಲ್ಲಿ ಕಾಯ್ದೆ ಮಾಡಿ ಎಲೆಕ್ಟ್ರಾನಿಕ್ ದಾಖಲೆಗೂ ಕಾಗದದಷ್ಟೇ ಬೆಲೆ ಕೊಟ್ಟಿತು, ಸಿಂಗಾಪುರ ಅದಕ್ಕೂ ಮೊದಲೇ, 2021ರಲ್ಲಿ. ನಾವು ಬಿಲ್ ಆಫ್ ಲೇಡಿಂಗ್‌ನ 1856ರ ಕಾಯ್ದೆ ಬದಲಿಸಿದ್ದೇ 2025ರಲ್ಲಿ, ಆಗಲೂ ಎಲೆಕ್ಟ್ರಾನಿಕ್ ದಾಖಲೆಯ ವಿಷಯವನ್ನು ಹೊಸ ಕಾಯ್ದೆಯಲ್ಲಿ ಬಿಡಿಸಿ ಬರೆಯಲಿಲ್ಲ. ಲೇಖಕರು ಈ ಪ್ರಶ್ನೆಯನ್ನು ವ್ಯಾಪಾರಿಗಳಿಗಲ್ಲ, ದೆಹಲಿಗೆ ಕೇಳಬೇಕಿತ್ತು.