ಅರಿಶಿನ ಶಾಸ್ತ್ರಕ್ಕೆ ಮುಂಚೆ ಹಲ್ಲಿನ ಶಾಸ್ತ್ರ

ಮಂಡ್ಯದ ಕಡೆ ಮದುವೆ ಗೊತ್ತಾದರೆ ಛತ್ರ, ಅಡುಗೆಯವರು, ವಾಲಗದವರು, ಡ್ರೋನ್ ಹಾರಿಸುವ ಹುಡುಗ ಎಲ್ಲರೂ ತಿಂಗಳುಗಟ್ಟಲೆ ಮುಂಚೆ ಬುಕ್ ಆಗುತ್ತಾರೆ. ಗಂಡಿನ ಹಲ್ಲು ಮಾತ್ರ ಚಪ್ಪರದ ಹಿಂದಿನ ದಿನ ನೆನಪಾಗುತ್ತದೆ. "ನಾಳೆ ಒತ್ತಾರೆ ಒಳಗೆ ಬೆಳ್ಳಗೆ ಮಾಡ್ಕೊಡಿ ಸಾ" ಎಂದು ಓಡಿಬಂದವನನ್ನು ದಂತವೈದ್ಯರು ವಾಪಸ್ ಕಳಿಸಿದರೆ ಅದು ಕೊಬ್ಬಲ್ಲ. ಹಲ್ಲು ಬಿಳುಪು ಮಾಡಿಸಿದ ಮೇಲೆ ಎರಡು ದಿನ ಬಣ್ಣದ ಪದಾರ್ಥ ಬಾಯಿಗೆ ಹೋಗಬಾರದು ಅನ್ನುತ್ತಾರೆ. ಮದುವೆ ಮನೆಯಲ್ಲಿ ಅನ್ನ, ಮಜ್ಜಿಗೆ, ಉಪ್ಪು ಬಿಟ್ಟು ಬಣ್ಣವಿಲ್ಲದ್ದು ಇನ್ನೇನಿದೆ? ಎರಡು ಮೂರು ವಾರ ಮುಂಚೆ ಬಂದರೆ ಎಲ್ಲರಿಗೂ ಕ್ಷೇಮ.

ಬಂದ ಕೂಡಲೇ ಬಿಳುಪಿನ ಕೆಲಸ ಶುರುವಾಗುವುದೂ ಇಲ್ಲ. ಮೊದಲು ಹುಳುಕು, ವಸಡಿನ ಊತ, ಬಿರುಕು ಹುಡುಕುತ್ತಾರೆ. ಹುಳುಕಿದ್ದರೆ ಅದನ್ನು ಮುಚ್ಚದೆ ಮುಂದಕ್ಕೆ ಹೋಗುವಂತಿಲ್ಲ, ಬಿಳುಪು ಮಾಡುವ ಜೆಲ್ ನೇರ ನರದ ಹತ್ತಿರ ಇಳಿದು ನಕ್ಷತ್ರ ತೋರಿಸುತ್ತದೆ. ಆಮೇಲೆ ಕ್ಲೀನಿಂಗ್. ಕಾಫಿ, ಎಲೆಅಡಿಕೆ, ಬೀಡಿಯ ಕಲೆ ಹಲ್ಲಿನ ಹೊರಮೈಯದು. ಅಲ್ಟ್ರಾಸಾನಿಕ್ ಸ್ಕೇಲರ್ ಆಡಿಸಿ ಪಾಲಿಶ್ ಮಾಡಿದರೆ ಬಹುಪಾಲು ಹೋಗುತ್ತದೆ. ಎಷ್ಟೋ ಜನ ಅಷ್ಟಕ್ಕೇ ಕನ್ನಡಿ ನೋಡಿಕೊಂಡು "ಸಾಕು ಬುಡಿ" ಎಂದು ಎದ್ದು ಹೋಗುತ್ತಾರೆ. ಅವರೇ ಜಾಣರು.

ಉಳಿದವರ ಹಳದಿ ಒಳಗಿನದು. ಮೇಲಿನ ಎನಾಮಲ್ ಅರೆಪಾರದರ್ಶಕ, ಕೆಳಗಿನ ಡೆಂಟಿನ್ ಹುಟ್ಟಾ ಹಳದಿ. ವಯಸ್ಸಾದಂತೆ ಎನಾಮಲ್ ಸವೆದು ಡೆಂಟಿನ್ ಇಣುಕುತ್ತದೆ. ಹಾಗಾಗಿ ನಂಜನಗೂಡಿನ ಗುಲಾಬಿ ಹಲ್ಲುಪುಡಿಯಲ್ಲಿ ಬೆರಳದ್ದಿ ಬೆಳೆದವರಾಗಲಿ, ಈಗ ಯೂಟ್ಯೂಬ್ ನೋಡಿ ಇದ್ದಿಲು ಉಜ್ಜುವವರಾಗಲಿ, ಒಳಗಿನ ಬಣ್ಣವನ್ನು ಉಜ್ಜಿ ತೆಗೆಯಲಾರರು. ಇದ್ದಿಲಿನಲ್ಲಿ ಜೋರಾಗಿ ತಿಕ್ಕಿದರೆ ಸವೆಯುವುದು ಎನಾಮಲ್, ಆಗ ಹಳದಿ ಇನ್ನೂ ಚೆನ್ನಾಗಿ ಕಾಣುತ್ತದೆ. ಒಳಗೆ ಇಳಿದು ಬಣ್ಣದ ಕಣಗಳನ್ನು ಒಡೆಯುವುದು ಪೆರಾಕ್ಸೈಡ್. ಕ್ಲಿನಿಕ್ಕಿನಲ್ಲಿ ಬಳಸುವ ಜೆಲ್‌ನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಸಾಮಾನ್ಯವಾಗಿ ಶೇ. 25ರಿಂದ 40ರವರೆಗೆ ಇರುತ್ತದೆ.

ಕುರ್ಚಿಯಲ್ಲಿ ಮಲಗಿದ ಮೇಲೆ ಮೊದಲು ಶೇಡ್ ಗೈಡ್ ಹಿಡಿಯುತ್ತಾರೆ. ಸಾಲಾಗಿ 16 ನಕಲಿ ಹಲ್ಲು, ಬಿ1 ಅತಿ ತಿಳಿ, ಸಿ4 ಅತಿ ಕಡು. ನಿಮ್ಮದು ಎ3 ಎಂದು ಬರೆದು ಫೋಟೋ ತೆಗೆಯುತ್ತಾರೆ. ಈ ಫೋಟೋ ಬೇಡ ಅನ್ನಬೇಡಿ. ಹದಿನೈದು ದಿನ ಕಳೆದರೆ ತನ್ನ ಹಲ್ಲು ಮೊದಲು ಹೇಗಿತ್ತೆಂದು ಯಾರಿಗೂ ನೆನಪಿರುವುದಿಲ್ಲ, "ಏನೂ ಆಗೇ ಇಲ್ವಲ್ಲ" ಎಂಬ ಜಗಳಕ್ಕೆ ಅದೊಂದೇ ಸಾಕ್ಷಿ.

ನಂತರ ತುಟಿಗೆ ವ್ಯಾಸಲೀನ್ ಸವರಿ, ಕೆನ್ನೆ ಅಗಲಿಸುವ ಪ್ಲಾಸ್ಟಿಕ್ ರಿಟ್ರಾಕ್ಟರ್ ಸಿಕ್ಕಿಸುತ್ತಾರೆ. ಇನ್ನು ಒಂದು ಗಂಟೆ ತುಟಿ ಕೂಡುವುದಿಲ್ಲ, ಪ ಫ ಬ ಭ ಮ ಪೂರ್ತಿ ರಜೆ. ಸರಿಯಾಗಿ ಆಗಲೇ ಮನೆಯಿಂದ ಫೋನ್ ಬರುತ್ತದೆ. ಎತ್ತಿ "ಆಮೇಲೆ ಮಾಡ್ತೀನಿ" ಅನ್ನಲು ಹೋಗಿ "ಆಏಲೆ ಆಡ್ತೀನಿ" ಅಂದರೆ ಆ ಕಡೆಯವರು ಲಕ್ವ ಹೊಡೆಯಿತೆಂದು ಆಟೋ ಹತ್ತುತ್ತಾರೆ. ಫೋನ್ ಸ್ವಿಚ್ ಆಫ್ ಮಾಡಿ ಮಲಗಿ. ಹಾಗೇ ಮೊದಲೇ ಬಾತ್‌ರೂಮಿಗೆ ಹೋಗಿ ಬಂದಿರಿ.

ವಸಡಿನ ಅಂಚಿಗೆ ಅಂಟಿನಂಥ ರಾಳ ಹಚ್ಚಿ ನೀಲಿ ಬೆಳಕಿನಲ್ಲಿ ಗಟ್ಟಿ ಮಾಡುತ್ತಾರೆ. ಇದು ವಸಡಿನ ತಡೆಗೋಡೆ, ಇಡೀ ಕೆಲಸದಲ್ಲಿ ಕೈಚಳಕ ಬೇಡುವ ಭಾಗ. ಎಲ್ಲಾದರೂ ಸಂದಿ ಬಿಟ್ಟರೆ ಜೆಲ್ ಒಳಗೆ ಜಾರಿ ವಸಡು ಬೆಳ್ಳಗೆ ಸುಟ್ಟಂತಾಗುತ್ತದೆ. ಸಣ್ಣದಾದರೆ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಉರಿ ಬಂದ ತಕ್ಷಣ ಕೈ ಎತ್ತಬೇಕು, ತಡೆದುಕೊಳ್ಳುವುದು ಇಲ್ಲಿ ಶೌರ್ಯವಲ್ಲ. ಆಮೇಲೆ ಹಲ್ಲಿನ ಮುಂಭಾಗಕ್ಕೆ ಒಂದೆರಡು ಮಿಲಿಮೀಟರ್ ದಪ್ಪ ಜೆಲ್ ಬಳಿದು 15–20 ನಿಮಿಷ ಬಿಟ್ಟು, ಹೀರಿ, ಒರೆಸಿ, ಮತ್ತೆ ಬಳಿಯುತ್ತಾರೆ. ಸಾಮಾನ್ಯವಾಗಿ ಮೂರು ಸುತ್ತು. ಮೇಲೊಂದು ನೀಲಿ ಲೈಟೋ ಲೇಸರೋ ಇದ್ದರೆ ನೋಡಲು ಭರ್ಜರಿ, ಕೆಲಸವೆಲ್ಲ ಜೆಲ್ಲಿನದೇ. ಲೈಟಿಗೆಂದು ಹೆಚ್ಚು ದುಡ್ಡು ಕೇಳಿದರೆ ಯೋಚಿಸಿ.

ಎದ್ದು ಕನ್ನಡಿ ನೋಡಿದಾಗ ಕಾಣುವ ಬಿಳುಪನ್ನು ಪೂರ್ತಿ ನಂಬಬೇಡಿ. ಹಲ್ಲು ಒಣಗಿರುವುದರಿಂದ ಇನ್ನಷ್ಟು ಬೆಳ್ಳಗೆ ಕಾಣುತ್ತದೆ, ವಾರದಲ್ಲಿ ಸ್ವಲ್ಪ ಇಳಿದು ನಿಲ್ಲುತ್ತದೆ. ಬೋರ್ ನೀರಿನ ಫ್ಲೋರೈಡ್ ಕುಡಿದು ಬೆಳೆದು ಹಲ್ಲಿನ ಮೇಲೆ ಸುಣ್ಣದ ಮಚ್ಚೆ ಇರುವವರಿಗಂತೂ ಆ ಮಚ್ಚೆ ಮೊದಲೆರಡು ದಿನ ಎದ್ದು ಕಾಣುತ್ತದೆ. ಗಾಬರಿ ಬೇಡ, ತೇವ ಮರಳಿದಂತೆ ತಗ್ಗುತ್ತದೆ. ಆದರೆ ಪೂರ್ತಿ ಹೋಗುವುದಿಲ್ಲ, ಅದಕ್ಕೆ ಬೇರೆ ಚಿಕಿತ್ಸೆ ಇದೆ.

ದೊಡ್ಡ ರಾದ್ಧಾಂತ ಕ್ಯಾಪ್ ಹಲ್ಲಿನದು. ಚಿಕ್ಕಂದಿನಲ್ಲಿ ಕಬ್ಬು ಸಿಗಿಯಲು ಹೋಗಿ ಮುಂದಿನ ಹಲ್ಲು ಮುರಿದುಕೊಂಡು ಕ್ಯಾಪ್ ಹಾಕಿಸಿಕೊಂಡವರು ಈ ಕಡೆ ಬೇಕಾದಷ್ಟಿದ್ದಾರೆ. ಜೆಲ್ ನಿಜವಾದ ಹಲ್ಲನ್ನಷ್ಟೇ ಬಿಳುಪು ಮಾಡುತ್ತದೆ. ಕ್ಯಾಪು, ಹುಳುಕಿಗೆ ತುಂಬಿದ ಸಿಮೆಂಟು ಇದ್ದ ಬಣ್ಣದಲ್ಲೇ ಉಳಿಯುತ್ತವೆ. "ಇದ್ಯಾಕ್ ಸಾ, ಇದೊಂದ್ ಮಾತ್ರ ಅಂಗೇ ಅದೆ?" ಎಂಬ ಪ್ರಶ್ನೆ ಆಮೇಲೆ ಬಂದರೆ ಉತ್ತರ ಹೊಸ ಕ್ಯಾಪ್. ಅದನ್ನೂ ಎರಡು ವಾರ ಬಿಟ್ಟು ಮಾಡಿಸಬೇಕು, ಬಣ್ಣ ನಿಲ್ಲಲಿ ಎಂದು. ಹೊಸ ಸಿಮೆಂಟಿಗೂ ಅಷ್ಟೇ ದಿನ ಬೇಕು, ಹಲ್ಲಿನೊಳಗೆ ಉಳಿದ ಆಮ್ಲಜನಕ ಅದು ಅಂಟದಂತೆ ಮಾಡುತ್ತದೆ.

ಆ ರಾತ್ರಿ ಹಲ್ಲು ಚುಳುಕ್ಕನ್ನುತ್ತದೆ. ಹೆಚ್ಚಾಗಿ ಒಂದೆರಡು ದಿನದ ಕಾಟ. ಮುಂಚಿನ ಎರಡು ವಾರ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟಿನಲ್ಲಿ ಉಜ್ಜಿದ್ದರೆ ಕಡಿಮೆ.

ಇನ್ನು ಊಟ. ಮೈಸೂರಿನಲ್ಲಿ ಬೆಳ್ಳಗಿನ ಊಟ ಮಾಡಿ ಅನ್ನುವುದು ಶಿಕ್ಷೆಯೇ. ಕಾಫಿ ಇಲ್ಲ, ಬಸ್ಸಾರು ಇಲ್ಲ, ಚಿತ್ರಾನ್ನದಲ್ಲಿ ಅರಿಶಿನ, ದೋಸೆಯೊಳಗೆ ಕೆಂಪು ಚಟ್ನಿ, ಊಟದ ಮೇಲೆ ವೀಳ್ಯ. ಇಡ್ಲಿ, ಕಾಯಿ ಚಟ್ನಿ, ಮೊಸರನ್ನ, ರಸಬಾಳೆ ಇಷ್ಟರಲ್ಲೇ ಸುತ್ತಬೇಕು. ಐಸ್‌ಕ್ರೀಂ ಬಿಳಿ ತಾನೆ ಎಂದು ಬಾಯಿಗಿಟ್ಟವರು ಛಾವಣಿ ಮುಟ್ಟಿ ಬರುತ್ತಾರೆ. ನಿಂಬೆ ಪಾನಕವೂ ಬೇಡ, ಹುಳಿಗೆ ಜುಮ್ಮೆನ್ನುತ್ತದೆ. ಮಂಡ್ಯದವರ ವಾದವೇ ಬೇರೆ: "ಮುದ್ದೆ ಯಾರಾದ್ರೂ ಅಗೀತಾರಾ ಸಾ? ನುಂಗೋದು, ಹಲ್ಲಿಗೆ ಸೋಕೋದೇ ಇಲ್ಲ." ಇದಕ್ಕೆ ದಂತವೈದ್ಯಶಾಸ್ತ್ರದಲ್ಲಿ ಉತ್ತರವಿಲ್ಲ. ಸಾರು ಮಾತ್ರ ಸೋಕುತ್ತದೆ. ಒಂದು ಲೋಟ ಕಾಫಿಗೆ ಎಲ್ಲ ಹಾಳಾಯಿತೆಂದು ಅಳುವ ಅಗತ್ಯವೂ ಇಲ್ಲ. ಬೀಡಿ, ಗುಟ್ಕಾ ಬಿಡದಿದ್ದರೆ ಮಾತ್ರ ಕೊಟ್ಟ ದುಡ್ಡು ಕಾವೇರಿ ಪಾಲು.

ಅವಸರವಿಲ್ಲದವರಿಗೆ ಮನೆಯಲ್ಲೇ ಮಾಡುವ ಟ್ರೇ ವಾಸಿ. ಬಾಯಿಯ ಅಚ್ಚು ತೆಗೆದು ತೆಳು ಪ್ಲಾಸ್ಟಿಕ್ ಟ್ರೇ ಮಾಡಿಕೊಡುತ್ತಾರೆ. ಹಲ್ಲೊಂದಕ್ಕೆ ಅಕ್ಕಿಕಾಳಿನಷ್ಟು ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಾಕಿ ರಾತ್ರಿ ಹಾಕಿಕೊಂಡು ಮಲಗಿದರೆ ಎರಡು ವಾರದಲ್ಲಿ ನಿಧಾನಕ್ಕೆ ತಿಳಿಯಾಗುತ್ತದೆ, ಜುಮ್ಮೆನ್ನುವುದೂ ಕಡಿಮೆ. ಜಾಸ್ತಿ ಹಾಕಿದರೆ ಬೇಗ ಆಗುವುದಿಲ್ಲ, ಹೆಚ್ಚಾದದ್ದು ವಸಡಿಗೆ ಹರಿಯುತ್ತದೆ. ಟ್ರೇಯನ್ನು ಬಿಸಿನೀರಲ್ಲಿ ತೊಳೆದರೆ ಸೊಟ್ಟಗಾಗಿ ಯಾರ ಬಾಯಿಗೂ ಕೂರುವುದಿಲ್ಲ. ಆಗ ಹೊಸದು ಮಾಡಲು ನಿಮ್ಮ ಹಲ್ಲಿನ ಪ್ಲಾಸ್ಟರ್ ಅಚ್ಚು ಬೇಕಾಗುತ್ತದೆ. ಕೇಳಿ ಇಸ್ಕೊಂಡು ಜೋಪಾನ ಮಾಡಿ, ದಸರೆಯಲ್ಲಿ ಮಕ್ಕಳು ಅದನ್ನೂ ಬೊಂಬೆ ಮೆಟ್ಟಿಲಿಗೆ ಏರಿಸದಂತೆ ನೋಡಿಕೊಳ್ಳಿ.