ಥರ್ಡ್ ಜನರೇಷನ್

ಮೊನ್ನೆ ಲಗ್ನಪತ್ರಿಕೆ ಪ್ರೂಫ್ ನೋಡಾಕ ಬಂದ ಹುಡುಗ ಪ್ರೂಫ್ ನೋಡೋದ ಬಿಟ್ಟು ನನ್ನ ಲ್ಯಾಪ್‌ಟಾಪ್ ನೋಡಿದ. ನೋಡಿದ್ರ ನೋಡ್ಲಿ, ಯಾರ್ ಬ್ಯಾಡ ಅಂದ್ರು. ಆದ್ರ ಕೇಳದ ಮಾಡದ ಮೌಸ್ ಹಿಡಕೊಂಡು, ಸೆಟ್ಟಿಂಗ್ಸ್ ಒಳಗ ಹೊಕ್ಕು, ಪ್ರೊಸೆಸರ್, ಅಂದ್ರ ಲೆಕ್ಕ ಎಲ್ಲಾ ಮಾಡೋ ಮುಖ್ಯ ಚಿಪ್ಪು, ಅದರ ಹೆಸರು ಓದಿ, ಸಣ್ಣಗ ನಕ್ಕು "ಅಂಕಲ್, ಥರ್ಡ್ ಜನರೇಷನ್ನಾ? ಇನ್ನೂ ವರ್ತ್ ಐತೇನ್ರಿ ಇದು?" ಅಂದ. ಮದಿವಿ ಆಗೋ ಹುಡುಗ, ಬೆಂಗಳೂರಾಗ ಸಾಫ್ಟ್‌ವೇರ್, ಮ್ಯಾಲ ನನ್ನ ಗಿರಾಕಿ, ಹಿಂಗಾಗಿ ನಾನೂ ನಕ್ಕೆ. ಒಳಗ ಮಾತ್ರ ಯಾರೋ ನಮ್ಮ ಮನಿಗೆ ಬಂದು ಅಡಗಿಮನ್ಯಾಗಿನ ಡಬ್ಬಿ ಮುಚ್ಚಳ ತಗದ್ ನೋಡಿದಂಗಾತು. ಅಲ್ಲದ ಈ ಅಂಕಲ್ ಅನ್ನೋದು. ಗದಗಿನ್ಯಾಗ ಹುಟ್ಟಿದ ಹುಡುಗ ಕಾಕಾ ಅಂದ್ರ ಬಾಯಿ ಸವೀತೈತೇನು?

ಇನ್ನ ಅಂವ ಕೇಳಿದ್ದು ಸುಳ್ಳಲ್ಲ ಬಿಡ್ರಿ. ಅದು ಇಂಟೆಲ್ ಕಂಪನಿಯ ಐ5-3230ಎಂ, ಮೂರನೇ ಪೀಳಿಗಿದು. 2013ರ ಶುರುವಿಗೆ ಬಂದಿದ್ದು, ಐವಿ ಬ್ರಿಡ್ಜ್ ಅಂತಾರ ಆ ವಂಶಕ್ಕ. ಎರಡ ಕೋರ್, ಅಂದ್ರ ದುಡಿಯೋ ಕೈ ಎರಡ, ಒಮ್ಮೆಗೆ ಹಿಡಿಯೋ ಕೆಲಸ ನಾಕ್, ಅದಕ್ಕ ಥ್ರೆಡ್ ಅಂತಾರ, ವೇಗ 2.6 ಗಿಗಾಹರ್ಟ್ಸ್, ಭಾಳ ಹುರುಪು ಬಂದ್ರ 3.2. ತಿನ್ನೋದು 35 ವ್ಯಾಟ್. ಆ ಹುಡುಗನ ಬ್ಯಾಗಿನ್ಯಾಗಿದ್ದ ಲ್ಯಾಪ್‌ಟಾಪಿನ ಐ5-1235ಯು ಇದರ ಅರ್ಧಕ್ಕಿಂತ ಕಡಿಮಿ, 15 ವ್ಯಾಟಿನ ಲೆಕ್ಕದ್ದು, ಆದ್ರ ಅದರಾಗ ಹತ್ತ ಕೋರ್ ಇದ್ದಾವ. ಅಂದ್ರ ಕಮ್ಮಿ ಉಂಡು ಹೆಚ್ಚ ದುಡಿಯೋ ಸೊಸಿ. ನನ್ನದು ಎರಡ ರೊಟ್ಟಿ ಜಾಸ್ತಿ ತಿಂದು, ಯೂಟ್ಯೂಬಿನ್ಯಾಗ ಒಂದ್ ಭಜನಿ ಹಚ್ಚಿದ್ರ ಕಪ್ಪತಗುಡ್ಡದ ಮ್ಯಾಲಿನ ಗಾಳಿ ಪಂಖಾದಂಗ ಬರ್ರ್ ಅನ್ನಾಕ ಹತ್ತತೈತಿ. ಯಾಕಂದ್ರ ಈಗ ಯೂಟ್ಯೂಬ್ ವಿಡಿಯೋ ಕಟ್ಟಿ ಕಳಸೋ ಪದ್ಧತಿ ಬ್ಯಾರೆ ಆಗೈತಿ, ವಿಪಿ9 ಅಂತ. ಅದನ್ನ ಬಿಚ್ಚೋ ಪ್ರತ್ಯೇಕ ಸಾಮಾನು ಈ ಚಿಪ್ಪಿನ ಒಳಗ ಇಲ್ಲ, ಆ ಎರಡ ಕೋರೇ ಕೈಲೆ ಬಿಚ್ಚಬೇಕು. ಬಿಚ್ಚತಾವ ಪಾಪ, ಬೆವರ ಸುರಿಸ್ಕೋತ ಬಿಚ್ಚತಾವ. ಫೋರ್‌ಕೆ, ಅಂದ್ರ ಭಾಳ ಸ್ಪಷ್ಟ ಕಾಣೋ ವಿಡಿಯೋ, ಕೇಳಿದ್ರ ಮಾತ್ರ ಕೈ ಮುಗೀತಾವ, ಆದ್ರ ನನ್ನ ಸ್ಕ್ರೀನ್ ಫೋರ್‌ಕೆ ಅಲ್ಲ, ನನ್ನ ಚಾಳೀಸಂತೂ ಅಲ್ಲವೇ ಅಲ್ಲ.

"ವಿಂಡೋಸ್ 11 ಹತ್ತೂದಿಲ್ಲಲ್ರಿ ಅಂಕಲ್ ಇದಕ್ಕ" ಅಂತ ಎರಡನೇ ಬಾಣ ಬಿಟ್ಟ. ಅದೂ ಖರೆ. ಇಂಟೆಲ್ ಇದ್ರ ಎಂಟನೇ ಜನರೇಷನ್ನಿಂದ ಈಚಿಂದು ಬೇಕು, ಟಿಪಿಎಂ 2.0 ಅಂತ ಭದ್ರತೆ ಕಾಯೋ ಇನ್ನೊಂದ್ ಸಾಮಾನು ಬೇಕು. ವಿಂಡೋಸ್ 10ರ ಸಪೋರ್ಟು 2025ರ ಅಕ್ಟೋಬರ್ 14ಕ್ಕ ಮುಗದ್ ಹೋತು. ಮುಗದ ಮರದಿನ ಮುಂಜಾನೆ ನಾನು ಊದಿನಕಡ್ಡಿ ಹಚ್ಚಿ, ಕೈ ಮುಗದು, ಬಟನ್ ಒತ್ತಿದ್ರ ಏನೂ ಆಗದವರಂಗ ಶುರು ಆತು. ನನ್ನ ಕೆಲಸ ಇರೋದು ಕನ್ನಡ ಟೈಪ್ ಮಾಡೋ ನುಡಿ ಮತ್ತ ಪುಟ ಜೋಡಿಸೋ ಪೇಜ್‌ಮೇಕರ್ ಒಳಗ. ಪೇಜ್‌ಮೇಕರ್ 7 ಬಂದಿದ್ದು 2001ರಾಗ, ಅದರ ಲೆಕ್ಕದಾಗ ನನ್ನ ಲ್ಯಾಪ್‌ಟಾಪ್ ಇನ್ನೂ ಹುಟ್ಟಬೇಕಾದ ಮೊಮ್ಮಗ. ಆ ಸಾಫ್ಟ್‌ವೇರ್‌ಗೆ ಹತ್ತ ಕೋರ್ ಕೊಟ್ರ ಒಂಬತ್ತು ಕಟ್ಟಿಗೆ ಕುಂತು ಎಲಿ ಅಡಿಕಿ ಹಾಕ್ಕೋತಾವ.

ಜನ ಲಗ್ನಪತ್ರಿಕೆ ಅಂದ್ರ ಏನ ತಿಳಕೊಂಡಾರೋ ಗೊತ್ತಿಲ್ಲ, ನಾ ಹೇಳ್ತೀನಿ, ಅದು ಕೂಡೋದು ಶ್ರೀ ಮ್ಯಾಲ. ವಧು ವರ ಸುಮ್ನ ನೆಪಕ್ಕ. ಮ್ಯಾಲ ಕುಲದೇವರ ಹೆಸರಿಗೊಂದು ಶ್ರೀ, ಗುಡಿ ಹೆಸರಿಗೊಂದು, ಸ್ವಾಮಿಗಳಿಗೆ ಎರಡು, ಆಮ್ಯಾಲ ಅಜ್ಜಾಗಳು, ಕಾಕಾಗಳು, ಮಾಮಾಗಳು, ಮಾಮಾನ ಅಳಿಯಾಗಳು, ಒಬ್ಬೊಬ್ಬರಿಗೂ ಒಂದೊಂದು. ಬಿಟ್ರ ಮದಿವಿಗೆ ಬರೂದಿಲ್ಲ, ಬಂದ್ರೂ ಉಣ್ಣೂದಿಲ್ಲ, ಉಂಡ್ರೂ ಮಾತಾಡೂದಿಲ್ಲ. ಈಗ ಇದೇನೂ ತ್ರಾಸಿಲ್ಲ, ಕೀಲಿ ಒತ್ತಿದ್ರ ಶ್ರೀ ಬೀಳ್ತಾವ, ಸಾವಿರ ಬೇಕಾದ್ರ ಸಾವಿರ. ಆದ್ರ ನಮ್ಮ ಅಜ್ಜ, ಅಂದ್ರ ಅವ್ವನ ಅಪ್ಪ, ಬೆಟಗೇರ್ಯಾಗ ಒಂದ್ ಟ್ರೆಡಲ್, ಅಂದ್ರ ಕಾಲಿಲೆ ತುಳಿಯೋ ಅಚ್ಚಿನ ಮಷಿನ್, ಇಟ್ಕೊಂಡು ಪ್ರೆಸ್ ನಡಸ್ತಿದ್ದ ಕಾಲದಾಗ ಶ್ರೀ ಅಂದ್ರ ಸೀಸದ್ದು. ಕೇಸಿನ್ಯಾಗ, ಅಂದ್ರ ಅಚ್ಚಿನ ಮೊಳೆ ಇಡೋ ಪೆಟಗ್ಯಾಗ, ಒಂದ ಖಣ, ಆ ಖಣದಾಗ ಇಪ್ಪತ್ತೆಂಟ ಶ್ರೀ. ನಾನೇ ಎಣಿಸಿದ್ದೆ, ಸೂಟಿಯೊಳಗ ಬ್ಯಾರೆ ಏನ್ ಕೆಲಸ ಇರ್ತಿತ್ತು. ವೈಶಾಖದಾಗ ಒಮ್ಮೆಗೆ ಮೂರ್ ನಾಕ್ ಪತ್ರಿಕೆ ಬಂದ್ವು ಅಂದ್ರ ಆ ಖಣ ಖಾಲಿ, ಮತ್ತ ಒಂದ್ ಪತ್ರಿಕೆ ಪ್ರಿಂಟ್ ಆಗಿ, ಮೊಳೆ ಬಿಚ್ಚಿ, ಸೀಮಿಎಣ್ಣ್ಯಾಗ ತೊಳದು, ತಿರಗಿ ಖಣಕ್ಕ ಹಾಕೂತನಕ ಇನ್ನೊಬ್ಬರ ಮದಿವಿ ನಿಂತ್ಹಂಗ.

ಅಂಥಾ ಹೊತ್ತಿನ್ಯಾಗ ಒಂದಿನ ಡಂಬಳದ ಕಡೆಯವರ ಪತ್ರಿಕೆ ಬಂತು, ನಾಕ್ ಅಣ್ಣತಮ್ಮರ ಕೂಡು ಮನಿತನ, ಶ್ರೀ ನಲವತ್ತೊಂದು. ಅಜ್ಜ ನನ್ನ ಕರದು "ತಮ್ಮಾ, ಆ ಓಣ್ಯಾಗಿನ ಪ್ರೆಸ್ಸಿಗೆ ಹೋಗು, ಒಂದ್ ಮುಷ್ಟಿ ಶ್ರೀ ಇಸ್ಕೊಂಡ್ ಬಾ" ಅಂದ. ಸಕ್ಕರಿ ಚಾಪುಡಿ ಕಡಾ ತರ್ತಾರಲ್ಲ ಹಂಗ. ಆ ಪ್ರೆಸ್ಸಿನಾಂವಗೂ ಅಜ್ಜಗೂ ಮಾತಿರಲಿಲ್ಲ, ಆದ್ರ ಶ್ರೀ ವ್ಯವಹಾರ ಇತ್ತು. ಆಂವ ಒಂದೊಂದ ಎಣಿಸಿ ಹದಿಮೂರ ಕೊಟ್ಟ, ಹಳೇ ಪ್ರೂಫ್ ಹಾಳ್ಯಾಗ ಕಟ್ಟಿ, ಅದರ ಮ್ಯಾಲ ಪೆನ್ಸಿಲಿಲೆ 13 ಅಂತ ಬರದು, ನನ್ನ ಕಡೆಯಿಂದ ಸಹಿ ಬ್ಯಾರೆ ಮಾಡಿಸ್ಕೊಂಡ. ಎಂಟ್ ವರ್ಷದ ಹುಡುಗನ ಸಹಿ. ಬರೋ ಹಾದ್ಯಾಗ ಬದನಿಕಾಯಿ ಭಜಿ ಅಂಗಡಿ. ಗದಗ-ಬೆಟಗೇರ್ಯಾಗ ಬದನಿಕಾಯಿ ಭಜಿ ಕರಿಯೋ ವಾಸನಿ ದಾಟಿ ಹೋಗೋ ಮನಶಾ ಇನ್ನೂ ಹುಟ್ಟಿಲ್ಲ. ನಿಂತೆ, ತಿಂದೆ. ಭಜಿ ಹಾಳಿ ಒಂದ್ ಕೈಯಾಗ, ಶ್ರೀ ಹಾಳಿ ಒಂದ್ ಕೈಯಾಗ, ತಿಂದಾದ ಮ್ಯಾಲ ಎಸದಿದ್ದು ಯಾವ ಹಾಳಿ ಅಂತ ಗಟಾರಕ್ಕ ಬಿದ್ದ ಮ್ಯಾಲ ಗೊತ್ತಾತು. ಕೈ ಹಾಕಿ ಆರಿಸಿದ್ದು ಹನ್ನೆರಡು. ಹದಿಮೂರನೇ ಶ್ರೀ ಇವತ್ತಿಗೂ ಬೆಟಗೇರಿ ಗಟಾರದಾಗ ಎಲ್ಲೋ ಇರಬೇಕು.

ಅಜ್ಜಗ ಹೇಳಲಿಲ್ಲ. ಕಂಪೋಜ್ ಮಾಡೋ ಮಾಮಾ ಕಡೀ ಹೆಸರಿಗೆ ಬಂದಾಗ ಒಂದ್ ಶ್ರೀ ಕಮ್ಮಿ. ಜಾಗಾ ಖಾಲಿ ಬಿಟ್ರ ಸಾಲು ಜಗ್ಗತೈತಿ ಅಂತ ಕೈಗೆ ಸಿಕ್ಕ ಒಂದ್ 'ಲಿಂ.' ಇಟ್ಟ, ಸಂಜಿಗೆ ಬದಲಿ ಮಾಡಿದ್ರಾತು ಅಂತ. ಲಿಂ. ಅಂದ್ರ ನಮ್ಮ ಕಡೆ ಲಿಂಗೈಕ್ಯ. ಸಂಜಿಗೆ ಕರೆಂಟ್ ಹೋತು, ಮಾಮಾ ಮರತ, ಮುನ್ನೂರ್ ಪ್ರತಿ ಪ್ರಿಂಟ್ ಆಗಿ ಡಂಬಳ ಬಸ್ ಹತ್ತಿ ಹೋದ್ವು.

ನಾಕನೇ ದಿನ ಮುಂಜಾನೆ ಛತ್ರಿ ಹಿಡಕೊಂಡು ಒಬ್ಬ ಹಿರಿಯಾರು ಬಂದ್ರು. ಬಂದು, ಚಪ್ಪಲಿ ಬಿಟ್ಟು, ಬೆಂಚಿನ ಮ್ಯಾಲ ಕುಂತು, ಪತ್ರಿಕೆ ತಗದು ಅಜ್ಜನ ಮುಂದ ಇಟ್ಟು ಭಾಳ ಶಾಂತ್‌ರೀತಿಲೆ ಕೇಳಿದ್ರು: "ನಾ ಸತ್ತು ಎಷ್ಟ ದಿನಾ ಆತ್ರೀ?"

ಅಜ್ಜ ಪತ್ರಿಕೆ ನೋಡಿದ, ಮಾಮಾನ ನೋಡಿದ, ಮಾಮಾ ನನ್ನ ನೋಡಿದ. ಅಜ್ಜಗ ಮಾತ ಹೊಳೀಲಿಲ್ಲ, ಚಾ ತರಸ್ಲೇನ್ರಿ ಅಂದ. "ಸತ್ತವರಿಗೆ ಚಾ ಹೆಂಗ್ ಕೊಡ್ತೀರಿ" ಅಂದ್ರು, ಆದ್ರ ಕುಡದ್ರು, ಎರಡ ಸಲ ಕುಡದ್ರು. ಮತ್ತ ಪ್ರಿಂಟ್ ಮಾಡಾಕ ಕಾಗದ ಇರಲಿಲ್ಲ, ಕಾಗದಕ್ಕ ರೊಕ್ಕ ಇರಲಿಲ್ಲ. ಕಡೀಗೆ ಶ್ರೀ ಅಂತ ಅಕ್ಷರ ಅಷ್ಟ ಪ್ರಿಂಟ್ ಮಾಡಿ, ಕತ್ತರಿಸಿ, ಲಿಂ. ಮ್ಯಾಲ ಖಳಿ ಹಚ್ಚಿ ಅಂಟಿಸೋದು ಅಂತ ತೀರ್ಮಾನ ಆತು. ಹಂಚದ ಉಳದಿದ್ದ ಇನ್ನೂರ ಚಿಲ್ರ ಪ್ರತಿ ಅವರ ಚೀಲದಾಗ ತಂದಿದ್ರು. ಅಂಟಿಸಿದಾಂವ ಯಾರು? ಸಹಿ ಮಾಡಿದಾಂವನ. ಆ ಹಿರಿಯಾರು ಸಂಜಿತನಕ ಕುಂತು ಒಂದೊಂದ ಪತ್ರಿಕೆ ಹಿಡದು ತಾವು ಬದಕಿದ್ದನ್ನ ಖಾತ್ರಿ ಮಾಡ್ಕೊಂಡ್ರು. ಹೊಂಟಾಗ ಅಂಟಿಸದ ಒಂದ್ ಪತ್ರಿಕೆ ಆರಿಸಿ ಜುಬ್ಬಾದ ಕಿಸೆದಾಗ ಇಟ್ಕೊಂಡ್ರು. ಅದ್ಯಾಕ್ರಿ ಅಂತ ಅಜ್ಜ ಕೇಳಿದ್ರ, "ಇರ್ಲಿ ಬಿಡ್ರಿ, ಒಂದಿನ ಖರೆ ಆಗ್ತೈತಲ್ಲ" ಅಂದ್ರು.

ಇದನ್ನೇನೂ ಆ ಹುಡುಗಗ ಹೇಳಲಿಲ್ಲ. ಹೇಳಿದ್ರ "ಓ ನೈಸ್" ಅಂತಿದ್ದ. ಅವರು ಎಲ್ಲಾದಕ್ಕೂ ನೈಸ್ ಅಂತಾರ. ನಾ ಹೇಳಿದ್ದು ಇಷ್ಟ: ಮೊದಲ ಇದರಾಗ ತಿರಗೋ ಹಾರ್ಡ್‌ಡಿಸ್ಕ್ ಇತ್ತು, ಅದನ್ನ ತಗದು ತಿರಗದ ಎಸ್‌ಎಸ್‌ಡಿ ಹಾಕಿಸೇನಿ, ನಾಕ್ ಜಿಬಿ ಇದ್ದ ರ್‍ಯಾಮ್ ಎಂಟು ಮಾಡಿಸೇನಿ, ಎರಡ ವರ್ಷಕ್ಕೊಮ್ಮೆ ಬಿಚ್ಚಿ ಧೂಳ ಹೊಡದು ಪ್ರೊಸೆಸರಿಗೆ ಕಾವ ಇಳಿಸೋ ಹೊಸಾ ಪೇಸ್ಟ್ ಹಚ್ಚಿಸ್ತೀನಿ. ಬಿಚ್ಚಾಕ ಬರ್ತೈತಿ ಇದು, ಇದರ ಪ್ರೊಸೆಸರ್ ಸುದ್ದಾ ಸಾಕೆಟ್ಟಿನಿಂದ ಎತ್ತಿ ತಗೀಬಹುದು, ನಿನ್ನ ಬ್ಯಾಗಿನ್ಯಾಗಿಂದು ಬೋರ್ಡಿಗೆ ಬೆಸಗಿ ಹಾಕಿ ಕುಂದ್ರಸ್ಯಾರ. ಅಂವ "ಹಂಗಾದ್ರ ಓಕೆ, ಆದ್ರ ಆನ್‌ಲೈನ್ ಬ್ಯಾಂಕಿಂಗ್ ಇದರಾಗ ಮಾಡಬ್ಯಾಡ್ರಿ ಅಂಕಲ್, ಅಪ್‌ಡೇಟ್ ಬರೂದಿಲ್ಲ, ಡೇಂಜರ್" ಅಂದ. ಅದೊಂದ್ ಮಾತಿಗೆ ನನ್ನ ಕಡೆ ಉತ್ತರ ಇರಲಿಲ್ಲ, ಹುಡುಗ ಹೇಳಿದ್ದು ಬರೋಬರಿ ಇತ್ತು. ರೊಕ್ಕದ ಕೆಲಸ ಫೋನಿನ್ಯಾಗ ಮಾಡ್ತೀನಿ ಅಂದೆ. ವಿಂಡೋಸ್ ಬದ್ಲಿ ಲಿನಕ್ಸ್ ಹಾಕ್ರಿ ಅಂದ. ಲಿನಕ್ಸ್ ಮಿಂಟ್ ಇದರ ಮ್ಯಾಲ ಚೊಲೋ ಓಡತೈತಿ, ಅದೂ ನನಗ ಗೊತ್ತು, ನನ್ನ ಮಗ ಪೆನ್‌ಡ್ರೈವಿನ್ಯಾಗ ಹಾಕಿ ತೋರಿಸಿದ್ದ. ಆದ್ರ ಪೇಜ್‌ಮೇಕರ್ ಅದರ ಒಳಗ ಸಲೀಸಾಗಿ ಹೊಗೂದಿಲ್ಲ, ಮತ್ತ ಇಪ್ಪತ್ತ ವರ್ಷದ ಪತ್ರಿಕೆ ಫೈಲ್ ಎಲ್ಲಾ ಪೇಜ್‌ಮೇಕರಿನ್ಯಾಗ ಕುಂತಾವ.

ನನಗ ಸಿಟ್ಟ ಬರೋದು ಪ್ರೊಸೆಸರ್ ಹಳೇದು ಅಂದಿದ್ದಕ್ಕಲ್ಲ. ಹಳೇದು ಐತಿ, ಹಳೇದು ಅನ್ನಲಿ. ಒಂದ್ ಫಾರ್ಮ್ ತುಂಬಾಕ ಪೇಜ್ ತಗದ್ರ, ಹೆಸರು, ಅಪ್ಪನ ಹೆಸರು, ಪಿನ್‌ಕೋಡ್ ಅಷ್ಟ ಕೇಳೋ ಪೇಜು, ಅದರ ಹಿಂದ ಹಾರೋ ಚಿತ್ರ ಏನು, ತಾನ ಶುರು ಆಗೋ ವಿಡಿಯೋ ಏನು, ಮೂಲ್ಯಾಗಿಂದ ಎದ್ದು "ಸಹಾಯ ಬೇಕೆ" ಅನ್ನೋ ಗೊಂಬಿ ಏನು. ಮೂರ್ ಹೆಸರು ಬರಿಯಾಕ ಇಷ್ಟೆಲ್ಲಾ ಹೊರಸಿ, ಮ್ಯಾಲ ನಿಮ್ಮ ಸಿಸ್ಟಮ್ ಸ್ಲೋ ಐತ್ರಿ ಅಂತ ನಮಗ ಹೇಳ್ತಾರ. ಹತ್ತಿ ಚಕ್ಕಡ್ಯಾಗ ಇಡೀ ಓಣಿ ಮಂದಿ ಹತ್ತಿ ಕುಂತು ಎತ್ತಿಗೆ ವಯಸ್ಸಾಗೈತಿ ಅಂದಂಗ. ಇದನ್ನ ಆ ಹುಡುಗಗ ಹೇಳೇ ಬಿಟ್ಟೆ, ಧ್ವನಿ ಸ್ವಲ್ಪ ಏರಿತ್ತು ಅನಸ್ತೈತಿ, ಯಾಕಂದ್ರ ಒಳಗಿಂದ ಮನ್ಯಾಕಿ ನೀರ್ ತಂದ್ ಇಟ್ಟು ಹೋದ್ಲು. ಹುಡುಗ ತಲಿ ಕೆರಕೊಂಡ, ಯಾಕಂದ್ರ ಅಂಥಾ ಪೇಜ್ ಮಾಡೋದ ಅವನ ನೌಕರಿಯಂತ.

ಹೋದವಾರ ಗುಜರಿಯಾಂವಗೂ ಒಮ್ಮೆ ಕೇಳಿ ನೋಡಿದ್ದೆ, ಸುಮ್ನ. ಕೈಯಾಗ ಎತ್ತಿ ತೂಗಿ ನೋಡಿ ಬ್ಯಾಟರಿ ಬ್ಯಾರೆ, ಬಾಕಿದ್ದು ಬ್ಯಾರೆ ಅಂದ. ಅಜ್ಜನ ಪ್ರೆಸ್ ಮುಚ್ಚಿದಾಗ ಶ್ರೀ, ಲಿಂ., ಚಿ., ಸೌ. ಎಲ್ಲಾ ಒಂದ ಚೀಲಕ್ಕ ಸುರದು ಕಿಲೋ ಲೆಕ್ಕದಾಗ ಸೀಸ ಅಂತ ಒಯ್ದಿದ್ರು. ಆವತ್ತ ಅಜ್ಜ ಅಂಗಡಿ ಕಡೆ ಬರಲಿಲ್ಲ. ನಾನು ಗುಜರಿಯಾಂವಗ ಬ್ಯಾಡೋ ಮಾರಾಯಾ ಅಂತ ಹೇಳಿ ಕಳಿಸಿದೆ.

ಹುಡುಗ ಪ್ರೂಫ್ ನೋಡದ ಹೋದ, ಫೈಲ್ ಕಳಸ್ರಿ, ಬೆಂಗಳೂರಿಗೆ ಹೋಗಿ ನೋಡ್ತೀನಿ ಅಂದ. ಪಿಡಿಎಫ್ ಮಾಡ್ತೀನಿ ಅಂದ್ರ ಬ್ಯಾಡ್ರಿ, ಹೆಸರಿನ ಪಟ್ಟಿ ನಾನ ತಿದ್ದಿ ಕಳಸ್ತೀನಿ, ವರ್ಡ್ ಫೈಲ್ ಕೊಡ್ರಿ ಅಂದ. ಕಳಿಸಿದೆ. ರಾತ್ರಿ ಹತ್ತೂವರಿಗೆ ಫೋನು.

"ಅಂಕಲ್, ಏನೋ ಕರಪ್ಟ್ ಆಗೈತ್ರಿ. ಎಲ್ಲಾರ ಹೆಸರಿನ ಮುಂದ ಮೊದಲ ಒಂದ್ ಸಣ್ಣ ಎರಡು ಮ್ಯಾಲ ಜೋತಾಡಾಕತ್ತೈತಿ, ಆಮ್ಯಾಲ ಎ ಮತ್ತ ಇ ಒಂದಕ್ಕೊಂದು ಅಂಟಿಕೊಂಡಾವ, ಆಮ್ಯಾಲ ತಲಿ ಮ್ಯಾಲ ಹಾವಿನಂಥಾ ಗೆರಿ ಇರೋ ದೊಡ್ಡ ಎ."

"ಅದು ಶ್ರೀ ಅಪಾ" ಅಂದೆ.

"ಶ್ರೀನಾ?"

"ನುಡಿ ಹಳೇ ಫಾಂಟು. ನಿನ್ನ ಮಷಿನ್ನಿನ್ಯಾಗ ಆ ಫಾಂಟ್ ಇಲ್ಲ, ಹಿಂಗಾಗಿ ಹಂಗ ಕಾಣ್ತೈತಿ." ಇದರಾಗ ಪ್ರೊಸೆಸರಿಂದು ಏನೂ ಪಾತ್ರ ಇಲ್ಲ, ಹತ್ತ ಕೋರ್ ಇರ್ಲಿ ಎರಡ್ ಇರ್ಲಿ, ಫಾಂಟ್ ಇಲ್ಲಂದ್ರ ಇಲ್ಲ, ಅದನ್ನೂ ಹೇಳಬೇಕಿತ್ತು, ಹೇಳಲಿಲ್ಲ.

"ನಲವತ್ತಾರ ಕಡೆ ಹಂಗ ಐತ್ರಿ ಅಂಕಲ್. ಈಗೇನ್ ಮಾಡ್ಲಿ?"

"ಏನ್ ಮಾಡಬ್ಯಾಡ, ನಾ ಫಾಂಟ್ ಕಳಸ್ತೀನಿ. ಲ್ಯಾಪ್‌ಟಾಪ್ ಈಗ ಬಂದ್ ಮಾಡಿದ್ದೆ, ಚಾಲೂ ಮಾಡ್ತೀನಿ, ಒಂದ್ ನಿಮಿಷ ಲೈನ್ ಮ್ಯಾಲ ಇರು" ಅಂದೆ. ಬಟನ್ ಒತ್ತಿದೆ. ಪಂಖಾ ಬರ್ರ್ ಅಂತು. ಆ ಕಡೆಯಿಂದ "ಅಂಕಲ್, ಅಲ್ಲೇನ್ ಮಳಿ ಶುರು ಆತೇನ್ರಿ?" ಅಂತ ಕೇಳಿದ.