ಪ್ಲಾಟ್‌ಫಾರ್ಮ್ ಅಳೆದ ಗೆಳೆಯ: ಒಂದು ಸ್ಪಷ್ಟನೆ

ಕಳೆದ ತಿಂಗಳು ತೀರಿಕೊಂಡ ನಮ್ಮ ಗೆಳೆಯನ ಫೋಟೊ ಹಾಕಿ ಒಂದು ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ. ‘ಹುಬ್ಬಳ್ಳಿ ಪ್ಲಾಟ್‌ಫಾರ್ಮ್ ಎರಡು ಕಿಲೋಮೀಟರ್ ಇದೆ ಎಂದು ಹೆಜ್ಜೆ ಎಣಿಸಿ ತೋರಿಸಿದ ರೈಲ್ವೆ ನೌಕರ’ ಅಂತೆ.

ಅವನು ರೈಲ್ವೆಯವನಲ್ಲ. ಧಾರವಾಡದ ಆಫೀಸೊಂದರಲ್ಲಿ ಹತ್ತೊಂಬತ್ತು ವರ್ಷ ನನ್ನ ಪಕ್ಕದ ಟೇಬಲ್‌ನಲ್ಲಿ ಕೂತವನು. ಪ್ಲಾಟ್‌ಫಾರ್ಮ್ ಇರುವುದು 1,507 ಮೀಟರ್. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದಕ್ಕೂ ಮೊದಲು ಜಗತ್ತಿನಲ್ಲೇ ಉದ್ದದ್ದು ಅಂತ ಹೆಸರಿದ್ದದ್ದು ಗೋರಖ್‌ಪುರದ್ದು, 1,366 ಮೀಟರ್. ಇಷ್ಟು ಸಾಲದಾ? ಸುಮ್ನೆ ಇನ್ನರ್ಧ ಕಿಲೋಮೀಟರ್ ಯಾಕೆ ಸೇರಿಸಬೇಕು?

ಸೇರಿಸಿದವನು ಅವನೇ ಬಿಡಿ. ಆಫೀಸಿಗೆ ಹೊಸಬರು ಬಂದರೆ ಮುಖ ಗಂಟು ಹಾಕಿಕೊಂಡು, “ಎರಡು ಕಿಲೋಮೀಟರ್ ಐತ್ರೀ. ನಡುವ ಚಿಗರಿ ಬಸ್ಸಿಗೆ ಒಂದು ಸ್ಟಾಪ್ ಮಾಡ್ಯಾರ” ಅನ್ನುತ್ತಿದ್ದ. (ಚಿಗರಿ ಅಂದರೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸು.) ಒಬ್ಬ ಹುಡುಗ, ಪಾಪ, ಟಿಕೆಟ್ ಎಷ್ಟು ಅಂತ ಕೇಳಿಯೂಬಿಟ್ಟಿದ್ದ.

ಅಳೆಯಲು ಹೋಗಿದ್ದು ಮಾತ್ರ ನಿಜ. ಒಂದು ಭಾನುವಾರ ನಾನೂ ಜೊತೆಗಿದ್ದೆ. ಜೋರಾಗಿ ಎಣಿಸುತ್ತಾ ಹೊರಟ. ಎಂಟುನೂರು ದಾಟಿದ ಮೇಲೆ ಒಬ್ಬ ಅಜ್ಜಿ ಸಿಕ್ಕಳು. ತಲೆಯ ಮೇಲೊಂದು ಗಂಟು, ಕೈಯಲ್ಲಿ ರೊಟ್ಟಿ ಚೀಲ. ಎರಡನ್ನೂ ಇಸಿದುಕೊಂಡು ಅವಳ ಹಿಂದೆ ನಡೆದ. ಬಂದ ದಾರಿಯಲ್ಲೇ ವಾಪಸ್ಸು, ಗೇಟಿನವರೆಗೂ! ಲೆಕ್ಕ ಎಷ್ಟಕ್ಕೆ ನಿಂತಿತೋ ಅಂದೆ. “ಉಳಿದದ್ದು ಅಜ್ಜೀ ಚೀಲದಾಗ ಹೋತಲೇ” ಅಂದು ನಕ್ಕ. ಕೈಯಲ್ಲಿ ಅವಳು ಕೊಟ್ಟ ಎರಡು ಖಡಕ್ ರೊಟ್ಟಿ ಇದ್ದವು. ನನಗೆ ಒಂದು ಕೊಟ್ಟ, ಅದೂ ಮುರಿದದ್ದು.